ಊರಿನ ಹೆಸರಿಟ್ಟ ಭಾಗಗಳು

ಹೋರ್ಟೆನ್, 8 ಸೆಪ್ಟೆಂಬರ್ 2014

ಯೊರುನ್,

'ಪ್ರಿಯ' ಎಂದು ಬರೆಯಲು ಕೈ ಬರಲಿಲ್ಲ, ಹಾಗಾಗಿ ಬರೀ ಹೆಸರು. ಕಂಪನಿ ಮಾರಾಟವಾದ ದಿನ ಕ್ಯಾಂಟೀನಿನಲ್ಲಿ ಎಲ್ಲರೆದುರು, ಹೊಸ ಮಾಲೀಕರ ಕೆಳಗೆ ಉಳಿಯುತ್ತೇನೆಂದ ನಿನ್ನನ್ನು 'ಗೋರಿ ಕಾಯುವವಳು' ಎಂದೆನಲ್ಲ, ಅದಕ್ಕೆ ಕ್ಷಮೆ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ. ಆಫೀಸಿನ ಮೇಲ್‌ಗೆ ಬರೆದರೆ ನಿನ್ನ ಹೊಸ ಮಾಲೀಕರೂ ಓದುತ್ತಾರೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಹಡಗಿನಲ್ಲಿ ಒಂದು ಕಾಫಿ ಕುಡಿದು ಮುಗಿಸುವುದರೊಳಗೆ ಆಚೆ ದಡದ ನಿನ್ನ ಮೊಸ್ ಬಂದುಬಿಡುತ್ತದೆ, ಆದರೂ ಅಂಚೆಚೀಟಿ ಹಚ್ಚುತ್ತಿದ್ದೇನೆ.

ಸ್ಟೈನಾರ್‌ನ ಕೈಪಟ್ಟಿ ಹೋದ ತಿಂಗಳು ಸತ್ತಿತು. ನಮ್ಮ ಕಾಲದ ಪಟ್ಟಿ, ಮಗ ಉತ್ತರಕ್ಕೆ ಹೋಗಿ ದೋಣಿ ಕೊಂಡಾಗ ನಾನೇ ಅವನ ಮಣಿಕಟ್ಟಿಗೆ ಕಟ್ಟಿದ್ದು. ನಿನಗೆ ನೆನಪಿರಬೇಕು, ಅವನು ಮೇಹಾಮ್ನ್‌ಗೆ ಹೋದದ್ದು ಒಬ್ಬ ಹುಡುಗಿಯ ಹಿಂದೆ. ಹುಡುಗಿ ಅವನನ್ನು ಬಿಟ್ಟಳು, ಕಾಡ್ ಮೀನು ಬಿಡಲಿಲ್ಲ. ಈಗಲೂ ಒಬ್ಬನೇ ಕಡಲಿಗೆ ಹೋಗುತ್ತಾನೆ. ಒಬ್ಬನೇ ಇರುವ ದೋಣಿಯಿಂದ ಮನುಷ್ಯ ನೀರಿಗೆ ಬಿದ್ದರೆ ದೋಣಿ ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ, ಅವನು ಅದರ ಬೆನ್ನು ನೋಡುತ್ತಾ ಮುಳುಗುತ್ತಾನೆ. ಅದಕ್ಕೇ ತಾನೆ ನಾವು ಆ ಪಟ್ಟಿ ಮಾಡಿದ್ದು? ಉಪ್ಪುನೀರು ಮುಟ್ಟಿದ ಕೂಡಲೇ ಅದು ದೋಣಿಗೆ ಕೂಗು ಹಾಕಬೇಕು, ಎಂಜಿನ್ ನಿಲ್ಲಬೇಕು, ಬಿದ್ದವನು ಈಜಿ ಬಂದು ಹತ್ತಬೇಕು.

ಹೊಸ ಪಟ್ಟಿ ತರಿಸಿಕೊಂಡಿದ್ದಾನೆ. ಅದೇ ಹೆಸರು, ಅದೇ ಕಿತ್ತಳೆ ಬಣ್ಣ. ನಾನೂ ಒಂದು ಕೊಂಡೆ, ಕಟ್ಟಿಕೊಳ್ಳಲು ಅಲ್ಲ, ಕೊಯ್ದು ನೋಡಲು. ಓಸೆಯ ತಂಗಿ, ನನ್ನ ನಾದಿನಿ, ಊಟಕ್ಕೆ ಬಂದಿದ್ದಳು. ನಾನು ಗರಗಸ ಹಿಡಿದದ್ದು ನೋಡಿ ಕೇಳಿದಳು, "ದುಡ್ಡು ಕೊಟ್ಟು ತಂದಿದ್ದನ್ನ ಕೊಯ್ತಾರಾ ಭಾವ? ಇಷ್ಟು ವರ್ಷ ಆಫೀಸಲ್ಲಿ ಇದೇ ಮಾಡ್ತಿದ್ರಾ?" ನಾನು ಹೇಳಿದೆ, "ಇಲ್ಲಮ್ಮ. ಪಟ್ಟಿಯೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರೋ ಒಂದೊಂದು ಭಾಗಕ್ಕೂ ಎಷ್ಟು ತಾಮ್ರ ಬೇಕು, ಎಷ್ಟು ಜಾಗ ಬೇಕು ಅಂತ ಕಂಪ್ಯೂಟರಲ್ಲಿ ಚಿತ್ರ ಬರೆದಿಡ್ತಿದ್ವಿ. ಆ ಚಿತ್ರಗಳ ಉಗ್ರಾಣಕ್ಕೆ ಲೈಬ್ರರಿ ಅಂತಾರೆ. ಯಾರು ಹೊಸ ಬೋರ್ಡ್ ಮಾಡಿದ್ರೂ ಅದರಿಂದಲೇ ತಗೋಬೇಕು." ಅವಳು ಆಲೂಗಡ್ಡೆ ಬಡಿಸಿಕೊಳ್ಳುತ್ತಾ, "ಅದಕ್ಕೆ ಇಬ್ಬರು ಬೇಕಿತ್ತಾ?" ಎಂದಳು. ಓಸೆ ಮನಸಾರೆ ನಕ್ಕಳು.

ನಾನು ನಗಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಪಟ್ಟಿ ಎರಡು ಹೋಳಾಗಿತ್ತು. ಬ್ಯಾಟರಿ ಹಿಡಿದಿಡುವ ಕ್ಲಿಪ್ಪಿನ ಕಾಲುಗಳ ಕೆಳಗಿನ ತಾಮ್ರ ನೋಡಿದೆ. ಸಣ್ಣದು. ಕ್ಲಿಪ್ಪು ಮಾಡುವ ಕಾರ್ಖಾನೆ ತನ್ನ ಕಾಗದದಲ್ಲಿ ಕೊಟ್ಟಿರುವ ಅಳತೆ, ನಮ್ಮದಲ್ಲ. ಬೋಟ್ಸ್‌ಫ್ಯೂರ್‌ನ ಆ ಮುದುಕ ಮೀನುಗಾರ ಬಿಸ್ಕತ್ತಿನ ಡಬ್ಬಿಯಲ್ಲಿ ವಾಪಸು ಕಳಿಸಿದ ಪಟ್ಟಿ ಇನ್ನೂ ನನ್ನ ಕಣ್ಣಮುಂದಿದೆ. ಎಂಜಿನ್ನಿನ ನಡುಕಕ್ಕೆ ಕ್ಲಿಪ್ಪು ತಾಮ್ರದ ಸಮೇತ ಎದ್ದು ಬಂದಿತ್ತು, ನೀರಿಗೆ ಬಿದ್ದ ಹೊಡೆತಕ್ಕೆ ಬ್ಯಾಟರಿಯ ಸಂಪರ್ಕ ಹೋಗಿ ಪಟ್ಟಿ ಮೂಕಾಗಿತ್ತು. ಅವನ ತಮ್ಮ ದೋಣಿಯಲ್ಲಿದ್ದನೆಂದು ಮುದುಕ ಉಳಿದ. ಆಮೇಲೇ ನಾವು ಆ ತಾಮ್ರವನ್ನು ಅಗಲ ಮಾಡಿ, ಆ ಚಿತ್ರಕ್ಕೆ 'ಬೋಟ್ಸ್‌ಫ್ಯೂರ್' ಎಂದು ಹೆಸರಿಟ್ಟದ್ದು.

ಬೋಟ್ಸ್‌ಫ್ಯೂರ್ ಎಲ್ಲಿ ಹೋಯಿತು ಯೊರುನ್? ಇಷ್ಟಕ್ಕೆ ಉತ್ತರ ಬರೆ, ಸಾಕು.

ಹಾಲ್ವಾರ್


ಮೊಸ್, 22 ಸೆಪ್ಟೆಂಬರ್ 2014

ಪ್ರಿಯ ಹಾಲ್ವಾರ್,

ನನ್ನ ಕೈಗೆ ಆ ಪದ ಬಂತು, ಬರೆದಿದ್ದೇನೆ. ನಿನ್ನ ಕೈಗೇನಾಗಿದೆಯೋ ಡಾಕ್ಟರಿಗೆ ತೋರಿಸು.

ನಿನ್ನ ಕಾಗದ ಬಂದ ದಿನ ಓದದೆ ಫ್ರಿಜ್ಜಿನ ಮೇಲಿಟ್ಟಿದ್ದೆ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಏನು ಬೇಕೆಂದು ಬರೆದಾನು ಎಂದು ಸಿಟ್ಟಿತ್ತು. ಓದಿದ ಮೇಲೆ ಸಿಟ್ಟು ಹೋಯಿತು, ಅದರ ಬದಲು ಬಂದದ್ದು ಅದಕ್ಕಿಂತ ಕೆಟ್ಟದ್ದು.

ಬೋಟ್ಸ್‌ಫ್ಯೂರ್ ಇಲ್ಲ. ವಾರ್ಡೊ ಇಲ್ಲ. ಹೊನ್ನಿಂಗ್ಸ್‌ವೋಗ್ ಇಲ್ಲ. ಹೋದ ವಸಂತದಲ್ಲಿ ನಮ್ಮ ಲೈಬ್ರರಿಯನ್ನು ಹೊಸ ಮಾಲೀಕರ ದೊಡ್ಡ ಲೈಬ್ರರಿಗೆ ಸೇರಿಸಿದರು. ಊರಿನ ಹೆಸರುಗಳು ಅವರ ಪದ್ಧತಿಗೆ ಒಗ್ಗಲಿಲ್ಲ. ಒಂದೊಂದು ಭಾಗವನ್ನೂ ಅದನ್ನು ಮಾಡಿದ ಕಾರ್ಖಾನೆಯ ಕಾಗದದ ಜೊತೆ ಕಂಪ್ಯೂಟರೇ ಹೋಲಿಸಿತು. ಎಲ್ಲೆಲ್ಲಿ ಅಳತೆ ಕಾಗದಕ್ಕೆ ಹೊಂದಲಿಲ್ಲವೋ ಅಲ್ಲೆಲ್ಲ 'ತಪ್ಪು' ಎಂದು ಕೆಂಪು ಗುರುತು ಬಿತ್ತು, ಕೆಂಪು ಬಿದ್ದದ್ದೆಲ್ಲ ತಾನೇ ಸರಿಯಾಯಿತು. ನಾವು ಬೇಕೆಂದೇ ಬೇರೆ ಮಾಡಿದ್ದೆಲ್ಲ ಅವರ ಲೆಕ್ಕದಲ್ಲಿ ತಪ್ಪೇ. ಕಡಲಿನಿಂದ ಕಲಿತದ್ದು ಯಾವ ಕಾರ್ಖಾನೆಯ ಕಾಗದದಲ್ಲೂ ಇರಲಿಲ್ಲ.

ನೀನು ಕೇಳಬಹುದು, 'ನೀನೇನು ಮಾಡ್ತಿದ್ದೆ?' ಎಂದು. ನನಗೀಗ ಲೈಬ್ರರಿ ತೆರೆದು ನೋಡುವ ಹಕ್ಕಿದೆ, ಬರೆಯುವ ಹಕ್ಕಿಲ್ಲ. ಕೆಂಪು ಬಿದ್ದ ವಾರ ಬೇಡ ಎಂದು ಬರೆದು ಕಳಿಸಿದ್ದೆ. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂದು ಉತ್ತರ ಬಂತು. ಆಗ ಪಟ್ಟಿಯ ಹಳೆಯ ಬೋರ್ಡುಗಳೇ ಇನ್ನೂ ದಾಸ್ತಾನಿನಲ್ಲಿದ್ದವು, ಹೊಸತು ಮಾಡುವ ಹೊತ್ತಿಗೆ ಮತ್ತೆ ಹೇಳೋಣ ಎಂದು ಸುಮ್ಮನಾದೆ. ಹೊಸತು ಮಾಡುವಾಗ ನನಗೆ ಯಾರೂ ಹೇಳಲಿಲ್ಲ.

ಬದಲಾವಣೆ ಬೇಕೆಂದು ನಾಳೆಯೇ ಅರ್ಜಿ ಹಾಕುತ್ತೇನೆ. ಅಲ್ಲಿಯವರೆಗೆ ಸ್ಟೈನಾರ್‌ಗೆ ಬೇರೆ ಯಾವುದಾದರೂ ಕಂಪನಿಯ ಪಟ್ಟಿ ಕೊಡಿಸು. ಓಸೆಗೆ ನನ್ನ ನೆನಪು ತಿಳಿಸು.

ಯೊರುನ್


ಹೋರ್ಟೆನ್, 5 ಅಕ್ಟೋಬರ್ 2014

ಯೊರುನ್,

ಬೇರೆ ಕಂಪನಿಯದ್ದು ಕೊಡಿಸುತ್ತೇನೆ ಎಂದು ನಿನ್ನೆ ಮಗನಿಗೆ ಫೋನಿನಲ್ಲಿ ಹೇಳಿದೆ. ಅವನು ನಕ್ಕ.

"ಅಪ್ಪಾ, ಈ ಬಂದರಲ್ಲಿ ಎಲ್ಲರ ಕೈಯಲ್ಲೂ ಕಿತ್ತಳೆ ಪಟ್ಟಿನೇ ಇರೋದು. ಯಾಕೆ ಗೊತ್ತಾ? ನಮ್ಮಪ್ಪ ಮಾಡಿದ್ದು ಅಂತ ನಾನೇ ಎಲ್ಲರಿಗೂ ತೊಡಿಸಿದ್ದು. ಈಗ ನಾನೇ ಬೇರೆದು ಹಾಕ್ಕೊಂಡು ದೋಣಿ ಕಟ್ಟೋ ಧಕ್ಕೆಗೆ ಹೋದ್ರೆ ಏನಂತಾರೆ?"

"ಏನಾದ್ರೂ ಅನ್ಲಿ. ಅದು ನಾನು ಮಾಡಿದ್ದಲ್ಲ ಈಗ."

"ಮೇಲೆ ಅದೇ ಹೆಸರಿದೆ."

"ಹೆಸರಿದ್ರೆ ಆಯ್ತಾ? ಒಳಗೆ ತಾಮ್ರ ಸಣ್ಣದು ಕಣೋ."

"ಎಷ್ಟು ಸಣ್ಣದು?"

"ಅರ್ಧ ಮಿಲಿಮೀಟರ್‌ಗೂ ಕಡಿಮೆ."

ಅವನು ಮತ್ತೆ ನಕ್ಕ. ನನಗೆ ಗೊತ್ತಿತ್ತು ನಗುತ್ತಾನೆಂದು. ಅಲ್ಲಿ ಅಲೆ ಮನೆಯಷ್ಟು ಎತ್ತರ ಏಳುತ್ತದೆ, ಅಪ್ಪ ಇಲ್ಲಿ ಕೂತು ಅರ್ಧ ಮಿಲಿಮೀಟರ್ ಎನ್ನುತ್ತಾನೆ.

ಹೇಳಿದ್ದು ಕೇಳದಿದ್ದರೂ ಬೇರೆ ಕಂಪನಿಯ ಪಟ್ಟಿಯೊಂದನ್ನು ಅಂಚೆಯಲ್ಲಿ ಕಳಿಸಿದ್ದೇನೆ, ದೋಣಿಗೆ ಕೂರಿಸುವ ಪೆಟ್ಟಿಗೆಯ ಸಮೇತ. ಹಾಕಿಕೊಳ್ಳುತ್ತಾನೆಂಬ ನಂಬಿಕೆ ನನಗಿಲ್ಲ. ಅವನದನ್ನು ಬಿಚ್ಚಿ ಬೆಸುಗೆ ಗಟ್ಟಿ ಮಾಡೋಣವೆಂದರೆ ಅದು ಅಂಟು ಸುರಿದು ಮುಚ್ಚಿದ ವಸ್ತು, ಬಿಚ್ಚಿದರೆ ಮತ್ತೆ ನೀರು ತಡೆಯುವುದಿಲ್ಲ.

ಅರ್ಜಿ ಏನಾಯಿತು ಬರೆ. ದೊಡ್ಡ ಕಾಡ್ ಮೀನಿನ ಹಂಗಾಮು ಫೆಬ್ರವರಿಯಲ್ಲಿ ಶುರುವಾಗುತ್ತದೆ. ಹೆಪ್ಪುಗಟ್ಟುವ ಚಳಿ, ಇಡೀ ದಿನ ಎಂಜಿನ್, ಗುಡ್ಡದಂಥ ಅಲೆ. ಕ್ಲಿಪ್ಪು ಏಳುವುದಿದ್ದರೆ ಆಗಲೇ.

ಹಾಲ್ವಾರ್


ಮೊಸ್, 14 ನವೆಂಬರ್ 2014

ಪ್ರಿಯ ಹಾಲ್ವಾರ್,

ತಡವಾಯಿತು. ಒಳ್ಳೆಯ ಸುದ್ದಿ ಬರೆಯೋಣವೆಂದು ಕಾದೆ, ಬರಲಿಲ್ಲ.

ಅರ್ಜಿಗೆ ಕೊನೆಗೂ ಸಭೆ ಕೊಟ್ಟರು. ಲೈಬ್ರರಿಯ ಮುಖ್ಯಸ್ಥ ಕಾಸ್ಪರ್ ಬೇರೆ ದೇಶದಿಂದ ಪರದೆಯ ಮೇಲೆ ಬಂದ. ಒಳ್ಳೆಯವನು, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈಯಬಹುದಿತ್ತು. ನಾನು ಬೋಟ್ಸ್‌ಫ್ಯೂರ್‌ನ ಕಥೆ ಹೇಳಿದೆ, ಬಿಸ್ಕತ್ತಿನ ಡಬ್ಬಿಯನ್ನೂ ಬಿಡಲಿಲ್ಲ. ಅವನು ಪೂರ್ತಿ ಕೇಳಿಸಿಕೊಂಡ.

"ಈ ಹೊಸ ಬೋರ್ಡಿದ್ದ ಪಟ್ಟಿ ಯಾವುದಾದರೂ ಕೆಟ್ಟು ವಾಪಸು ಬಂದಿದೆಯಾ?" ಎಂದ.

"ಇನ್ನೂ ಇಲ್ಲ."

"ಹಾಗಾದ್ರೆ ಯಾವ ಆಧಾರದ ಮೇಲೆ ಬದಲಾಯಿಸಲಿ?"

"ಹಳೇದು ಬಂದಿತ್ತಲ್ಲ."

"ಅದು ಹಳೇ ಬೋರ್ಡು, ಹಳೇ ಕಾರ್ಖಾನೆ, ಹಳೇ ಬೆಸುಗೆ. ನೀವೇ ಹೇಳಿ, ನಿಮ್ಮ ಹಳೇ ಕಂಪನಿಯಲ್ಲಿ ಕೆಟ್ಟ ಪೀಸ್ ಕೈಗೆ ಬರದೆ ಲೈಬ್ರರಿ ಮುಟ್ತಿದ್ರಾ?"

ನಾವು ಮುಟ್ಟುತ್ತಿರಲಿಲ್ಲ ಹಾಲ್ವಾರ್. ವಾಪಸು ಬಂದ ಪೀಸು ಮೇಜಿನ ಮೇಲೆ ಇಲ್ಲದೆ ಯಾರೂ ಒಂದು ಗೆರೆಯನ್ನೂ ಅಲ್ಲಾಡಿಸಬಾರದು, ಬಂದದ್ದು ಯಾವ ಊರಿನಿಂದಲೋ ಆ ಊರಿನ ಹೆಸರೇ ಇಡಬೇಕು. ಹೊಸ ಹುಡುಗರು ತಮಗೆ ತೋಚಿದಂತೆ ಅಳತೆ ತಿದ್ದುವುದನ್ನು ತಡೆಯಲು ನಾವಿಬ್ಬರೇ ಮಾಡಿದ ಕಟ್ಟಳೆ. ನಮ್ಮ ಇಡೀ ಲೈಬ್ರರಿಯಲ್ಲಿ ಅವರಿಗೆ ಹಿಡಿಸಿದ್ದು, ಉಳಿಸಿಕೊಂಡದ್ದು ಅದೊಂದನ್ನೇ.

ಕೊನೆಗೆ, ಪಟ್ಟಿಯನ್ನು ಚಳಿ ಪೆಟ್ಟಿಗೆಯಲ್ಲಿಟ್ಟು ನಡುಗಿಸಿ ನೋಡಲು ಒಪ್ಪಿದ. ಯಂತ್ರ ಖಾಲಿಯಾಗುವುದು ಜನವರಿಯಲ್ಲಿ. ಅಷ್ಟು ಸಿಕ್ಕಿದ್ದೇ ಹೆಚ್ಚು.

ಯೊರುನ್


ಹೋರ್ಟೆನ್, 28 ಡಿಸೆಂಬರ್ 2014

ಪ್ರಿಯ ಯೊರುನ್,

ನೋಡು, ಕೈ ವಾಸಿಯಾಗಿದೆ.

ಸ್ಟೈನಾರ್ ಕ್ರಿಸ್ಮಸ್‌ಗೆ ಬಂದಿದ್ದ, ಇವತ್ತು ಬೆಳಿಗ್ಗೆ ಹೊರಟ. ಹಂದಿಯ ಪಕ್ಕೆಲುಬು ಅವನಿಗೆಂದು ಓಸೆ ಮಾಡಿದ್ದು ಅರ್ಧ ಹಾಗೇ ಉಳಿದಿದೆ. ಬಂದಾಗಿನಿಂದ ಕಿತ್ತಳೆ ಪಟ್ಟಿ ಕೈಯಲ್ಲೇ ಇತ್ತು, ಊಟಕ್ಕೆ ಕೂತಾಗಲೂ. ನನಗೆ ತೋರಿಸಲೆಂದೇ ಹಾಕಿಕೊಂಡಿದ್ದ ಅನ್ನಿಸುತ್ತದೆ. ಓಸೆ ಹೇಳಿದಳು, "ಇಲ್ಲಿ ಎಲ್ಲಿ ಬೀಳ್ತೀಯಾ, ಸಾರಿನ ಬಟ್ಟಲಿಗಾ? ಬಿಚ್ಚಿಡು." ಅವನು ನನ್ನ ಕಡೆ ನೋಡಿ ನಕ್ಕ, ಬಿಚ್ಚಲಿಲ್ಲ.

ಪಟ್ಟಿ ಬರುವ ಮೊದಲು ಒಂಟಿ ದೋಣಿಯವರು ಹಿಂದುಗಡೆ ಗಂಟು ಹಾಕಿದ ಉದ್ದದ ಹಗ್ಗವೊಂದನ್ನು ನೀರಿಗೆ ಬಿಟ್ಟುಕೊಂಡು ಹೋಗುತ್ತಿದ್ದರು, ಬಿದ್ದರೆ ಹಿಡಿದುಕೊಳ್ಳಲಿ ಎಂದು. ಅದನ್ನಾದರೂ ಕಟ್ಟಿಕೋ ಎಂದೆ. "ಪ್ರೊಪೆಲ್ಲರ್ ಚಕ್ರಕ್ಕೆ ಸುತ್ಕೊಳುತ್ತೆ ಅಪ್ಪಾ. ಆ ಹಗ್ಗ ಬೇಡ ಅಂತ ತಾನೆ ನೀವು ಪಟ್ಟಿ ಮಾಡಿದ್ದು?" ಎಂದ. ನಾನು ಅವನಿಗೆ ಆ ಪಟ್ಟಿಯ ಮೇಲೆ ಎಷ್ಟು ನಂಬಿಕೆ ಹುಟ್ಟಿಸಿದ್ದೇನೆಂದರೆ, ಈಗ ಅದನ್ನು ಕೀಳಲು ನನ್ನಿಂದಲೇ ಆಗುತ್ತಿಲ್ಲ.

ಹಾಗಾಗಿ ಕೇಳಬಾರದ್ದನ್ನು ಕೇಳುತ್ತಿದ್ದೇನೆ. ಕಂಪನಿ ಮಾರಾಟವಾದಾಗ ನೀನು ಹಳೆಯ ಕಂಪ್ಯೂಟರೊಂದನ್ನು ಮನೆಗೆ ಒಯ್ದೆಯಲ್ಲ, ಗಂಡ ಇಸ್ಪೀಟು ಆಡಲಿ ಎಂದು. ಅದರಲ್ಲಿ ನಮ್ಮ ಕೊನೆಯ ಬೋರ್ಡಿನ ಚಿತ್ರವೂ ಲೈಬ್ರರಿಯೂ ಇವೆ, ನನಗೆ ಗೊತ್ತು. ಅಳಿಸಬೇಕಿತ್ತು, ನೀನು ಅಳಿಸಿರುವುದಿಲ್ಲ. ಅದನ್ನು ನನಗೆ ಕಳಿಸು. ಇಲ್ಲಿಯ ಸಣ್ಣ ಕಾರ್ಖಾನೆಯವರು ಪರಿಚಯದವರು, ನಾಲ್ಕು ಬೋರ್ಡು ಮಾಡಿಕೊಡುತ್ತಾರೆ. ಹೊರಗಿನ ಕಿತ್ತಳೆ ಕವಚ ನನ್ನ ಬಳಿ ಇದೆ, ಅಂಟು ಸುರಿಯುವುದು ನನಗೆ ಬರುತ್ತದೆ. ನೋಡಲು ಅದೇ ಪಟ್ಟಿ. ಅಪ್ಪ ಮಾಡಿದ್ದು ಎಂದು ಅವನು ಹೆಮ್ಮೆಯಿಂದಲೇ ಕಟ್ಟಿಕೊಂಡಾನು, ಈ ಸಾರಿ ಅದು ನಿಜವೂ ಆಗಿರುತ್ತದೆ.

ಸಿಕ್ಕಿಬಿದ್ದರೆ ನಿನ್ನ ಕೆಲಸ ಹೋಗುತ್ತದೆ ಎಂದೂ ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ. ಹಂಗಾಮಿಗೆ ಮುಂಚೆ ಬೇಕು.

ಹಾಲ್ವಾರ್


ಮೊಸ್, 19 ಜನವರಿ 2015

ಪ್ರಿಯ ಹಾಲ್ವಾರ್,

ಹೇಗೆ ಬರೆಯಲಿ ಎಂದು ತಿಳಿಯುತ್ತಿಲ್ಲ, ಆದದ್ದನ್ನು ಆದಂತೆ ಬರೆಯುತ್ತೇನೆ.

ಮೊದಲು ಪರೀಕ್ಷೆಯ ಮಾತು. ಪಟ್ಟಿಯನ್ನು ಚಳಿಯಲ್ಲಿಟ್ಟು ನಡುಗಿಸಿದರು. ನಿಯಮದಲ್ಲಿ ಎಷ್ಟು ಹೊತ್ತು ಎಂದಿದೆಯೋ ಅಷ್ಟು ಹೊತ್ತು ಕ್ಲಿಪ್ಪು ಹಿಡಿದುಕೊಂಡಿತ್ತು. ಇನ್ನಷ್ಟು ಬಿಡಿ, ಮೀನುಗಾರನ ಒಂದು ಹಂಗಾಮಿನಷ್ಟಾದರೂ ಬಿಡಿ ಎಂದೆ. ಯಂತ್ರಕ್ಕೆ ಬೇರೆಯವರು ಕಾಯುತ್ತಿದ್ದರು. ತೇರ್ಗಡೆ ಎಂದು ಬರೆದರು. ಈಗ ಆ ಕ್ಲಿಪ್ಪು ಸರಿ ಇದೆ ಎನ್ನುವುದಕ್ಕೆ ಸಹಿ ಮಾಡಿದ ಕಾಗದವೂ ಇದೆ, ನನ್ನ ಹಠದಿಂದ ಹುಟ್ಟಿದ್ದು.

ಇನ್ನು ನೀನು ಕೇಳಿದ್ದು. ಹೌದು, ಅಳಿಸಿರಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಎಲ್ಲ ಇತ್ತು, ಆದರೆ ಚಿತ್ರ ಬರೆಯುವ ತಂತ್ರಾಂಶದ ಪರವಾನಗಿ ಮುಗಿದುಹೋಗಿ ತೆರೆಯಲು ಬಿಡಲಿಲ್ಲ. ಹಾಗೇ ಕಳಿಸಿದರೆ ನಿನ್ನ ಕಾರ್ಖಾನೆಯವರಿಗೂ ತೆರೆಯಲಾಗುವುದಿಲ್ಲ, ಅವರಿಗೆ ಬೇಕಾದ ರೂಪಕ್ಕೆ ತಂದುಕೊಡೋಣ ಎಂದು ಡಿಸ್ಕನ್ನೇ ಬಿಚ್ಚಿಕೊಂಡು ಭಾನುವಾರ ಆಫೀಸಿಗೆ ಹೋದೆ. ಯಾರೂ ಇರಲಿಲ್ಲ. ನನ್ನ ಮೇಜಿನ ಕಂಪ್ಯೂಟರಿಗೆ ಸಿಕ್ಕಿಸಿ ತೆರೆದೆ. ಕಳಿಸುವ ಮುಂಚೆ ಸರಿ ಇದೆಯೇ ಎಂದು ಒಮ್ಮೆ ನೋಡಬೇಕಿತ್ತು, ಅಷ್ಟೇ. ನೋಡದೆ ಯಾವುದನ್ನೂ ಕಳಿಸಿದವಳಲ್ಲ ನಾನು.

ಬೋರ್ಡು ಪರದೆಯ ಮೇಲೆ ಬಂತು. ನಿನ್ನ ಕೈಯ ಗೆರೆಗಳು ದೂರದಿಂದಲೇ ಗೊತ್ತಾಗುತ್ತವೆ, ಸಂತೋಷವಾಯಿತು. ಆಮೇಲೆ ಒಂದು ಸಣ್ಣ ಚೌಕ ಬಂತು: ಹಳೆಯ ಭಾಗಗಳು ಸಿಕ್ಕಿವೆ, ಕೇಂದ್ರ ಲೈಬ್ರರಿಗೆ ಹೊಂದಿಸುವ ಮುಂಚೆ ಪ್ರತಿ ಸಾರಿ ಕೇಳಬೇಕೆ? ನಾನು 'ಬೇಡ' ಎಂಬುದನ್ನಷ್ಟೇ ನೋಡಿ ಒತ್ತಿದೆ, ಹೊಂದಿಸುವುದು ಬೇಡ ಎಂದುಕೊಂಡು. ಆ 'ಬೇಡ'ದ ಅರ್ಥ ಕೇಳುವುದು ಬೇಡ ಎಂದು. ಅದು ಕೇಳದೆ ಶುರುಮಾಡಿತು. ಪರದೆಯ ಪಕ್ಕದ ಹೆಸರುಗಳ ಸಾಲಿನಲ್ಲಿ ಬೋಟ್ಸ್‌ಫ್ಯೂರ್ ಹೋಗಿ ಒಂದು ಉದ್ದನೆಯ ಸಂಖ್ಯೆ ಬಂತು. ಆಮೇಲೆ ವಾರ್ಡೊ. ಆಮೇಲೆ ಹೊನ್ನಿಂಗ್ಸ್‌ವೋಗ್. ತಂತಿ ಕಿತ್ತೆ, ಅಷ್ಟರಲ್ಲಿ ಮುಗಿದಿತ್ತು. ಲೈಬ್ರರಿಯೂ ಅದೇ ಡಿಸ್ಕಿನಲ್ಲಿತ್ತು, ಅದನ್ನೂ ತಿದ್ದಿ ಉಳಿಸಿಬಿಟ್ಟಿತ್ತು. ಮೊದಲು ನಕಲು ಮಾಡಿಕೊಂಡು ಆಮೇಲೆ ತೆರೆಯಿರಿ ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ನಾನು.

ಬೇರೆಲ್ಲೂ ಇಲ್ಲ ಹಾಲ್ವಾರ್. ಇದ್ದ ಒಂದನ್ನು ನನ್ನ ಕೈಯಾರೆ ಕೊಂದೆ. ನೀನು ಕ್ಯಾಂಟೀನಿನಲ್ಲಿ ಅಂದದ್ದು ಕಡಿಮೆಯಾಯಿತು.

ಯೊರುನ್


ಹೋರ್ಟೆನ್, 24 ಜನವರಿ 2015

ಪ್ರಿಯ ಯೊರುನ್,

ಅತ್ತದ್ದು ಸಾಕು, ಮುಖ ತೊಳೆದುಕೋ. ನಾನಾಗಿದ್ದರೂ ಅದೇ ಗುಂಡಿ ಒತ್ತುತ್ತಿದ್ದೆ, ಜೊತೆಗೆ ಆ ಚೌಕಕ್ಕೆ ನಾಲ್ಕು ಬೈಗುಳ ಸೇರಿಸಿ.

ಗೆರೆಗಳು ಉಳಿದಿವೆಯಲ್ಲ, ಬೋರ್ಡು ಹಾಗೇ ಇದೆಯಲ್ಲ. ಹಾಳಾದದ್ದು ಊರಿನ ಹೆಸರಿದ್ದ ಭಾಗಗಳು ಮಾತ್ರ. ಅವನ್ನು ಮತ್ತೆ ಬರೆಯೋಣ. ಉಳಿದದ್ದನ್ನು ಕಾಗದದ ಮೇಲೆ ಮುದ್ರಿಸಿಯಾದರೂ ಕಳಿಸು, ಇಲ್ಲಿ ನಾನು ದುಡ್ಡು ಕೇಳದ ಯಾವುದೋ ತಂತ್ರಾಂಶ ಹಾಕಿಕೊಂಡಿದ್ದೇನೆ. ಅದು ನನಗೆ ಬಗ್ಗುತ್ತಿಲ್ಲ, ನಾನು ಅದಕ್ಕೆ ಬಗ್ಗುತ್ತಿದ್ದೇನೆ.

ಬೋಟ್ಸ್‌ಫ್ಯೂರ್ ನನ್ನ ಬೆರಳಲ್ಲೇ ಇದೆ, ಬರೆದಾಯಿತು. ವಾರ್ಡೊ ಎಂದರೆ ರೇಡಿಯೊ ಸಂಕೇತಕ್ಕೆ ತಾಳ ಹಾಕುವ ಹರಳಿನ ಭಾಗ, ಚಳಿಗೆ ಸೀಳುತ್ತಿದ್ದದ್ದು, ಅದನ್ನು ಅಡ್ಡ ತಿರುಗಿಸಿದ್ದೆವು. ಆದರೆ ಕಾಲು ಎಷ್ಟು ಹೊರಗೆ ಎಳೆದಿದ್ದೆವು? ಹೊನ್ನಿಂಗ್ಸ್‌ವೋಗ್‌ನದು ಆಂಟೆನಾದ ಕಾಲು, ಅಷ್ಟು ಮಾತ್ರ ನೆನಪಿದೆ. ಅದಕ್ಕೆ ನಾವು ಆ ಮಧ್ಯಾಹ್ನವೆಲ್ಲ ಜಗಳವಾಡಿದ್ದು ನೆನಪಿದೆ, ಗೆದ್ದದ್ದು ಯಾರು, ಯಾವ ಅಳತೆ ಉಳಿಯಿತು ಎಂಬುದು ಮರೆತುಹೋಗಿದೆ. ನೀನೇ ಗೆದ್ದಿರಬೇಕು. ಗೆದ್ದವರಿಗೆ ನೆನಪಿರುತ್ತದೆ, ಬರೆದು ಕಳಿಸು.

ಓಸೆ ಹೇಳುತ್ತಾಳೆ, ಕಾಗದ ಬರೆಯುವುದು ಬಿಟ್ಟು ಆ ಹೆಂಗಸನ್ನ ಮನೆಗೆ ಕರಿ, ವಾಫಲ್ ಅಚ್ಚು ಕಾಯಿಸ್ತೀನಿ ಎಂದು. ಬಾ. ಮೇಲೆ ಹಾಕಿಕೊಳ್ಳಲು ಕಂದು ಚೀಸ್ ಇದೆ.

ಸ್ಟೈನಾರ್‌ಗೆ ಹೇಳಿದ್ದೇನೆ, ಹೊಸ ಪಟ್ಟಿ ಮಾಡ್ತಿದೀನಿ ಎಂದು. "ನೀವು ಮಾಡಿದ್ದಾ? ಹಾಗಾದ್ರೆ ಕಳ್ಸಿ, ಹಾಕ್ಕೋತೀನಿ" ಎಂದ. ಒಂದೇ ಮಾತಿಗೆ ಒಪ್ಪಿದ.

ಹಾಲ್ವಾರ್


ಮೊಸ್, 26 ಫೆಬ್ರವರಿ 2015

ಪ್ರಿಯ ಹಾಲ್ವಾರ್,

ಗೆದ್ದದ್ದು ನಾನೇ. ಆದರೂ ಆಂಟೆನಾದ ಅಳತೆಗೆ ಎರಡು ಸಾರಿ ತಪ್ಪು ಬರೆದು ಮೂರನೆಯ ಸಾರಿ ಸರಿ ಬಂತು, ಅದಕ್ಕೇ ಈ ತಡ. ಹೆಸರುಗಳನ್ನು ಮತ್ತೆ ಬರೆಯುವಾಗ ಒಂಥರಾ ಆಯಿತು. ಊರುಗಳನ್ನು ನೋಡಿದವಳಲ್ಲ ನಾನು, ಅವು ನನಗೆ ಮುರಿದುಬಂದ ಭಾಗಗಳಾಗಿಯೇ ಗೊತ್ತು.

ಜೊತೆಗಿಟ್ಟಿರುವ ಹಾಳೆಯಲ್ಲಿ ಮೂರನ್ನೂ ನಿಜದ ಅಳತೆಗೆ ಮುದ್ರಿಸಿದ್ದೇನೆ. ನಮ್ಮ ಹಳೆಯ ಪದ್ಧತಿಯಂತೆ ನಿಜವಾದ ಭಾಗಗಳನ್ನು ಹಾಳೆಯ ಮೇಲಿಟ್ಟು, ಬೆರಳಲ್ಲಿ ಒತ್ತಿ, ಕಾಲುಗಳು ಗೆರೆಯೊಳಗೆ ಕೂರುತ್ತವೆಯೇ ನೋಡು. ಆಮೇಲೆ ಕಾರ್ಖಾನೆಗೆ ಕೊಡು. ನೋಡದೆ ಕೊಡಬೇಡ.

ಮುಂದಿನ ಶನಿವಾರ, ಏಳನೆಯ ತಾರೀಖು, ಬೆಳಗಿನ ಹಡಗಿಗೆ ಬರುತ್ತೇನೆ. ಕ್ಲೌಡ್‌ಬೆರಿ ಜಾಮ್ ತರುತ್ತೇನೆ, ಓಸೆ ಏನೂ ಕೊಳ್ಳುವುದು ಬೇಡ. ನಾವು ಮೂವರೂ ಕೂತು ಅಂಟು ಸುರಿಯೋಣ.

ಯೊರುನ್


ಮೊಸ್, 23 ಮಾರ್ಚ್ 2015

ಪ್ರಿಯ ಹಾಲ್ವಾರ್, ಪ್ರಿಯ ಓಸೆ,

ಆ ಶನಿವಾರ ನಾನು ಬಂದಿದ್ದೆ. ಸ್ಟೈನಾರ್‌ನ ಸುದ್ದಿ ಗೊತ್ತಿರಲಿಲ್ಲ. ನಿಮ್ಮ ಬೀದಿಯ ತಿರುವಿನಲ್ಲಿ ಓಸೆಯ ತಂಗಿ ಸಿಕ್ಕಿ ಹೇಳಿದಳು. ಗೇಟಿನವರೆಗೆ ಬಂದೆ. ಕಿಟಕಿಯಲ್ಲಿ ಇಬ್ಬರೂ ಕಾಣಿಸಿದಿರಿ, ಮೇಜಿನ ಎದುರುಬದುರು ಕೂತಿದ್ದಿರಿ. ಬಾಗಿಲು ತಟ್ಟಲು ಧೈರ್ಯ ಬರಲಿಲ್ಲ, ಅದೇ ಹಡಗಿಗೆ ವಾಪಸಾದೆ. ಜಾಮ್ ಬಾಟಲಿ ಇನ್ನೂ ಚೀಲದಲ್ಲೇ ಇದೆ.

ಪೇಪರಿನಲ್ಲಿ ಬಂದದ್ದನ್ನು ಮತ್ತೆ ಮತ್ತೆ ಓದಿದೆ. ದೋಣಿ ಬಂಡೆಗಳ ಹತ್ತಿರ ಸಿಕ್ಕಿತು, ಎಂಜಿನ್ ಓಡುತ್ತಲೇ ಇತ್ತು, ಒಳಗೆ ಯಾರೂ ಇರಲಿಲ್ಲ. 'ಎಂಜಿನ್ ಓಡುತ್ತಲೇ ಇತ್ತು' ಎನ್ನುವ ಸಾಲನ್ನು ಬರೆದವನಿಗೆ ಅದರ ಅರ್ಥ ಗೊತ್ತಿರಲಿಲ್ಲ. ನಮ್ಮಿಬ್ಬರಿಗೆ ಗೊತ್ತು.

ಮರುದಿನವೇ ಕಾಸ್ಪರ್ ಜೊತೆ ಮಾತಾಡಿದೆ. ಅವನು ನೊಂದಿದ್ದ, ಅದು ಸುಳ್ಳಲ್ಲ. ಆದರೆ ಹೇಳಿದ್ದು ಇಷ್ಟೇ: "ಪಟ್ಟಿ ಸಿಕ್ಕಿಲ್ಲ ಯೊರುನ್. ಅವರು ಅದನ್ನ ಹಾಕ್ಕೊಂಡಿದ್ರೋ ಇಲ್ವೋ, ಅದೂ ಗೊತ್ತಿಲ್ಲ. ಪೀಸ್ ಇಲ್ದೆ ನಾನೇನು ಬರೀಲಿ?" ವಕೀಲರು ಇನ್ನೂ ಸ್ಪಷ್ಟವಾಗಿ ಹೇಳಿದರು, ಬಹುಶಃ ಹಾಕಿಕೊಂಡಿರಲಿಲ್ಲ ಎಂದು. ನೀನು ಬೇರೆ ಕಂಪನಿಯದ್ದು ಕಳಿಸಿದ್ದೆ ಎಂದು ಬರೆದಿದ್ದೆಯಲ್ಲ, ಅದನ್ನು ಹಾಕಿಕೊಂಡಿರಬಹುದೇ ಎಂದು ಒಂದು ಗಳಿಗೆ ಆಸೆಪಟ್ಟೆ. ಹಾಕಿಕೊಂಡಿದ್ದರೆ ಎಂಜಿನ್ ನಿಂತಿರುತ್ತಿತ್ತು ಎಂದು ಆಮೇಲೆ ಹೊಳೆಯಿತು.

ನಾನು ಏಪ್ರಿಲ್ ಕೊನೆಗೆ ಕೆಲಸ ಬಿಡುತ್ತಿದ್ದೇನೆ. ಅದಕ್ಕೆ ಮುಂಚೆ ಒಂದು ದಿನದ ಮಟ್ಟಿಗೆ ಲೈಬ್ರರಿಗೆ ಬರೆಯುವ ಹಕ್ಕು ಕೊಡು ಎಂದು ಕಾಸ್ಪರ್‌ನನ್ನು ಕೇಳಿದೆ. ಕೊಡುತ್ತಾನಂತೆ, ನೋಡಿಯೂ ನೋಡದಂತೆ ಇರುತ್ತಾನಂತೆ. ಅಗಲದ ತಾಮ್ರದ ಕ್ಲಿಪ್ಪನ್ನು ಮತ್ತೆ ಒಳಗೆ ಸೇರಿಸುತ್ತೇನೆ. ಮುಂದೆ ಯಾರೂ ಬಳಸದೇ ಹೋಗಬಹುದು, ಮುಂದಿನ ಸಾರಿ ಕಂಪ್ಯೂಟರ್ ಹೋಲಿಸುವಾಗ ಮತ್ತೆ ಕೆಂಪು ಬೀಳಲೂಬಹುದು. ಆದರೂ ಅದಕ್ಕೆ 'ಮೇಹಾಮ್ನ್' ಎಂದು ಹೆಸರಿಡಲೇ? ನಿನ್ನನ್ನು ಕೇಳದೆ ಇಡುವುದಿಲ್ಲ.

ನಿಮ್ಮ
ಯೊರುನ್


ಹೋರ್ಟೆನ್, 10 ಏಪ್ರಿಲ್ 2015

ಪ್ರಿಯ ಯೊರುನ್,

ನಾವು ಮೇಹಾಮ್ನ್‌ಗೆ ಹೋಗಿ ಅವನ ಮನೆ ಖಾಲಿ ಮಾಡಿಕೊಂಡು ಬಂದೆವು. ನಾನು ಕಳಿಸಿದ ಬೇರೆ ಕಂಪನಿಯ ಪಟ್ಟಿ ಅಡುಗೆಮನೆಯ ಡ್ರಾಯರಿನಲ್ಲಿತ್ತು, ಪೊಟ್ಟಣ ಒಡೆದಿರಲಿಲ್ಲ. ಕಿತ್ತಳೆಯದು ಎಲ್ಲೂ ಸಿಗಲಿಲ್ಲ. ಓಸೆ ಹಾಸಿಗೆಯ ಕೆಳಗೂ ನೋಡಿದಳು, ಸಿಕ್ಕರೆ ಅವನು ಹಾಕಿಕೊಂಡಿರಲಿಲ್ಲ ಎಂದಾದರೂ ಆಗಲಿ ಎಂಬಂತೆ. ಧಕ್ಕೆಯ ಮೇಲಿನವರು ಹೇಳಿದರು, ಆ ಬೆಳಿಗ್ಗೆಯೂ ಅವನ ಕೈಯಲ್ಲಿ ಇತ್ತಂತೆ. ಒಬ್ಬ ಮುದುಕ ನನ್ನ ಭುಜ ಹಿಡಿದು ಅಂದ, "ನಿಮ್ಮ ಪಟ್ಟಿ ಇಲ್ದೆ ಒಂದು ದಿನ ಹೋದವನಲ್ಲ ನಿಮ್ಮ ಹುಡುಗ." ಒಳ್ಳೆಯ ಮಾತೆಂದುಕೊಂಡೇ ಹೇಳಿದ. ಅವನ ಕೈಯಲ್ಲೂ ಅದೇ ಪಟ್ಟಿ ಇತ್ತು. ಬಿಚ್ಚಿಡು ಎಂದೆ. "ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ" ಎಂದ, ಬಿಚ್ಚಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಗೇಟಿನವರೆಗೆ ಬಂದವಳು ಒಳಗೆ ಬರಬೇಕಿತ್ತು ಎಂದು ಓಸೆ ಹೇಳುತ್ತಿದ್ದಾಳೆ. ಬರದಿದ್ದದ್ದೇ ಒಳ್ಳೆಯದಾಯಿತು ಎನ್ನುತ್ತೇನೆ ನಾನು. ಈಗಲೂ ಸ್ವಲ್ಪ ದಿನ ಬರಬೇಡ.

ಆ ಹೆಸರು ಇಡಬೇಡ ಯೊರುನ್. ಬೋಟ್ಸ್‌ಫ್ಯೂರ್‌ನಿಂದ ಬಿಸ್ಕತ್ತಿನ ಡಬ್ಬಿ ಬಂತು, ವಾರ್ಡೊದಿಂದಲೂ ಕೆಟ್ಟ ಪಟ್ಟಿ ಬಂತು, ಹೊನ್ನಿಂಗ್ಸ್‌ವೋಗ್‌ನಿಂದಲೂ. ಮೇಹಾಮ್ನ್‌ನಿಂದ ಏನೂ ವಾಪಸು ಬಂದಿಲ್ಲ.

ನೀನು ಫೆಬ್ರವರಿಯಲ್ಲಿ ಕಳಿಸಿದ ಹಾಳೆ ಮೇಜಿನ ಮೇಲೇ ಇತ್ತು. ನಿನ್ನೆ ಕ್ಲಿಪ್ಪನ್ನು ಅದರ ಮೇಲಿಟ್ಟು, ಬೆರಳಲ್ಲಿ ಒತ್ತಿ, ನಾಲ್ಕೂ ಕಡೆಯಿಂದ ನೋಡಿದೆ. ಕಾಲುಗಳು ಗೆರೆಯೊಳಗೆ ಕೂತಿವೆ. ಅಳತೆ ಸರಿಯಾಗಿದೆ.

ಹಾಲ್ವಾರ್